ಹಾರುವ ಬಿಲ್ಲೆಗೆ ತಕ್ಕ ಕೋವಿ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಮಾತು. ಕೋವಿಯನ್ನು ಕೊಳ್ಳಹೋಗುವವರಲ್ಲಿ ಹೆಚ್ಚಿನವರು ಅದನ್ನು ನೋಟದ ಪಟ್ಟಿಗೆ ಸೇರಿಸುತ್ತಾರೆ. ನಾಲ್ಕು ಜನ ಮೆಚ್ಚುವ ಕೆತ್ತನೆ, ಹೊಳೆಯುವ ಮರ, ದೂರದೇಶದ ಹೆಸರು ಇಷ್ಟಿದ್ದರೆ ಸಾಕೆಂಬುದು ಅವರ ಎಣಿಕೆ. ಆದರೆ ಕೋವಿ ಊಟದ ಜಾತಿಯದು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು. ಈ ಸತ್ಯವನ್ನು ನಾನು ಮೊದಲು ಪುಸ್ತಕದಿಂದ ತಿಳಿಯಲಿಲ್ಲ, ನೀಲಿಗಟ್ಟಿದ ನನ್ನ ಹೆಗಲಿನಿಂದ ತಿಳಿದೆ. ಹಾಗೆ ತಿಳಿದದ್ದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಕ್ರಮವಾಗಿ ಇಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆ ಸುಳ್ಯದ ಕಡೆ. ಅಜ್ಜನ ಹೆಸರಿನಲ್ಲಿ ಬೆಳೆರಕ್ಷಣೆಯ ಪರವಾನಿಗೆಯ ಒಂದು ಹಳೆಯ ಜೋಡುನಳಿಗೆ ಕೋವಿ ಇದೆ. ಅಡಿಕೆ ತೋಟಕ್ಕೆ ಮಂಗಗಳು ಇಳಿದಾಗ ಅವನ್ನು ಬೆದರಿಸಲು ಅಜ್ಜ ಆಕಾಶಕ್ಕೆ ಒಂದು ಈಡು ಹಾರಿಸುತ್ತಾರೆ. ಚುನಾವಣೆ ಬಂದಾಗ ಆ ಕೋವಿ ಪೊಲೀಸು ಠಾಣೆಗೆ ಹೋಗಿ ಕುಳಿತು, ಮತ ಎಣಿಕೆ ಮುಗಿದ ಮೇಲೆ ಮನೆಗೆ ಮರಳುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಕೃಷಿಕರ ಮನೆಗಳ ಕತೆ ಇದೇ. ಘಟ್ಟದ ಮೇಲಿನ ಕೊಡಗಿನಲ್ಲಿ ಮಾತ್ರ ಸಂಗತಿ ಬೇರೆ. ಅಲ್ಲಿಯ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಿಗೆಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನಡೆಸುವುದು ಅಲ್ಲಿಯ ಪದ್ಧತಿ.

ನಾನು ಎನ್.ಸಿ.ಸಿ.ಯಲ್ಲಿ ಪಾಯಿಂಟ್ ಟೂ-ಟೂ ರೈಫಲಿನಿಂದ ಕಾಗದದ ಗುರಿಗೆ ಹೊಡೆದು ಒಂದೆರಡು ಬಹುಮಾನ ಪಡೆದವಳು. ಹೋದ ರಜೆಯಲ್ಲಿ ಕೊಡಗಿನ ಸೋದರಮಾವ ನನ್ನನ್ನು ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಒಂದು ತರಬೇತಿ ಶಿಬಿರಕ್ಕೆ ಕರೆದೊಯ್ದರು. ಅಲ್ಲಿ ನನ್ನ ಕೈಗೆ ಬಂದುದು ಅಜ್ಜನ ಕೋವಿಯ ಒಡಹುಟ್ಟಿನಂತಿದ್ದ ಹಳೆಯ ಜೋಡುನಳಿಗೆ. ಇಪ್ಪತ್ತೈದು ಬಿಲ್ಲೆಗಳಲ್ಲಿ ನಾನು ಒಡೆದದ್ದು ಮೂರು. ಸಂಜೆಗೆ ಕೆನ್ನೆ ಊದಿತ್ತು, ಹೆಗಲು ನೀಲಿಗಟ್ಟಿತ್ತು. ಸಂಗತಿ ತಿಳಿದ ಅಪ್ಪ ತಡಮಾಡದೆ, “ಹೊಸ ಕೋವಿ ಒಂದು ತೆಗೆಯುವ. ಈ ವರ್ಷ ಅಡಿಕೆಗೆ ಬೆಲೆ ಉಂಟು” ಎಂದರು. ಒಳ್ಳೆಯ ಪಂದ್ಯದ ಕೋವಿಯೊಂದು ನಮ್ಮಂಥ ಮನೆಯ ಎರಡು ಮೂರು ವರ್ಷಗಳ ಉಳಿತಾಯವನ್ನು ನುಂಗಬಲ್ಲುದು. ಮಾವ ಮಾತ್ರ, “ಮೊದಲು ಯಾಕೆ ತಪ್ಪಿತೆಂದು ತಿಳಿದುಕೋ, ಆಮೇಲೆ ಹಣ ಎಣಿಸುವ” ಎಂದರು. ಆ ಮಾತಿನಿಂದಲೇ ನನ್ನ ಅಭ್ಯಾಸ ಆರಂಭವಾಯಿತು.

ಮಣ್ಣಿಲ್ಲದ ಮಣ್ಣಿನ ಹಕ್ಕಿ

ಈ ಆಟದ ಗುರಿಗೆ ಇಂಗ್ಲಿಷಿನಲ್ಲಿ ‘ಕ್ಲೇ ಪಿಜನ್’ ಎಂದರೆ ಮಣ್ಣಿನ ಪಾರಿವಾಳ ಎಂದು ಹೆಸರು. ಮಣ್ಣೆಂದೊಡನೆ ಮಂಗಳೂರಿನವರಾದ ನಮಗೆ ಹೆಂಚು ನೆನಪಾಗುವುದು ಸಹಜ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ಜೇಡಿಮಣ್ಣು ದೇಶದೇಶಗಳ ಮಾಡಿನ ಮೇಲೆ ಏರಿತಷ್ಟೆ! ಹಾಗೆಯೇ ಪಂದ್ಯದ ಬಿಲ್ಲೆಯೂ ಒಂದು ಕಾಲದಲ್ಲಿ ಸುಟ್ಟ ಮಣ್ಣಿನದೇ ಆಗಿತ್ತು. ಮೊದಲು ಜನರು ಜೀವಂತ ಪಾರಿವಾಳಗಳನ್ನು ಹಾರಿಸಿ ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿಯೂ ಅಂಥ ಕ್ರೂರ ಪಂದ್ಯ ನಡೆಯಿತು. ಅಷ್ಟರೊಳಗೆ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬಾತ 1880ರಲ್ಲಿ ಮಣ್ಣಿನ ಬಿಲ್ಲೆಯನ್ನೂ ಅದನ್ನು ಎಸೆಯುವ ಯಂತ್ರವನ್ನೂ ಬಳಕೆಗೆ ತಂದಿದ್ದನು. ಆದರೆ ಹೆಂಚಿನಂತೆ ಗಟ್ಟಿಯಾಗಿ ಬೆಂದ ಬಿಲ್ಲೆ ಚರೆ ತಾಗಿದರೂ ಒಡೆಯುತ್ತಿರಲಿಲ್ಲ. ಆದುದರಿಂದ ಮುಂದೆ ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂಥ ಅಂಟಿನಲ್ಲಿ ಕಲಸಿ ಅಚ್ಚೊತ್ತುವ ಕ್ರಮ ಬಂದಿತು. ಇಂದಿನ ಬಿಲ್ಲೆಯಲ್ಲಿ ಮಣ್ಣು ಹೆಸರಿಗೆ ಮಾತ್ರ. ಅದರ ಅಡ್ಡಳತೆ 110 ಮಿ.ಮೀ., ತೂಕ ಸುಮಾರು 105 ಗ್ರಾಂ. ಎಸೆತವನ್ನು ತಾಳಿಕೊಳ್ಳುವಷ್ಟು ಗಟ್ಟಿ, ಎರಡು ಮೂರು ಚರೆ ತಾಗಿದರೆ ಸಿಡಿಯುವಷ್ಟು ನಾಜೂಕು.

ಆಟದ ಎರಡು ಬಗೆ

ಕೋವಿಯ ವಿಚಾರಕ್ಕೆ ಮೊದಲು ಆಟದ ವಿಚಾರ ತಿಳಿದಿರಬೇಕು. ಒಲಿಂಪಿಕ್ಸ್‌ನಲ್ಲಿ ಈಗ ಎರಡು ಬಗೆಗಳಿವೆ: ಟ್ರ್ಯಾಪ್ ಮತ್ತು ಸ್ಕೀಟ್.

ಟ್ರ್ಯಾಪಿನಲ್ಲಿ ಗುರಿಗಾರನ ಮುಂದೆ 15 ಮೀಟರು ದೂರದಲ್ಲಿ ಒಂದು ಕಂದಕ. ಅದರೊಳಗೆ ಹದಿನೈದು ಯಂತ್ರಗಳು. ಐದು ನಿಲುವುಗಳಲ್ಲಿ ಒಂದೊಂದಕ್ಕೂ ಮೂರು ಯಂತ್ರ. ಆತ ಕೋವಿಯನ್ನು ಹೆಗಲಿಗೇರಿಸಿಯೇ ಕೂಗು ಹಾಕುತ್ತಾನೆ. ಬಿಲ್ಲೆ ಎಡಕ್ಕೋ ಬಲಕ್ಕೋ ನೇರಕ್ಕೋ ಎಂಬುದು ಮೊದಲೇ ತಿಳಿಯದು. ಅದು ಅವನಿಂದ ದೂರ ಓಡುತ್ತಾ ಮೇಲೇರುತ್ತದೆ. ಹೊಡೆಯುವ ಹೊತ್ತಿಗೆ ಅದು ಮೂವತ್ತು ಮೀಟರನ್ನು ದಾಟಿರುವುದೇ ಹೆಚ್ಚು.

ಸ್ಕೀಟಿನಲ್ಲಿ ಅರ್ಧವರ್ತುಲದ ಎರಡು ತುದಿಗಳಲ್ಲಿ ಒಂದು ಎತ್ತರದ ಮನೆ, ಒಂದು ತಗ್ಗಿನ ಮನೆ. ಅಲ್ಲಿಂದ ಬಿಲ್ಲೆಗಳು ಗೊತ್ತಾದ ದಾರಿಯಲ್ಲಿಯೇ ಅಡ್ಡಲಾಗಿ ಹಾಯುತ್ತವೆ. ಗುರಿಗಾರನು ಎಂಟು ನಿಲುವುಗಳಿಂದ ಹೊಡೆಯಬೇಕು. ಬಿಲ್ಲೆ ಕಣ್ಣಿಗೆ ಬೀಳುವ ತನಕ ಕೋವಿಯ ಬಟ್ ಸೊಂಟದ ಬಳಿಯಲ್ಲೇ ಇರತಕ್ಕದ್ದು. ಗುರಿಯ ದೂರ ಇಪ್ಪತ್ತು ಮೀಟರಿನ ಆಸುಪಾಸು. 1968ರಲ್ಲಿ ಈ ಬಗೆ ಒಲಿಂಪಿಕ್ಸಿಗೆ ಸೇರಿತು. ಎರಡು ಬಿಲ್ಲೆಗಳನ್ನು ಒಮ್ಮೆಗೇ ಹಾರಿಸುವ ಡಬಲ್ ಟ್ರ್ಯಾಪ್ 1996ರಿಂದ 2016ರ ವರೆಗೆ ಇದ್ದು ಬಳಿಕ ಕೈಬಿಟ್ಟುಹೋಯಿತು. 2004ರ ಅಥೆನ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಬೆಳ್ಳಿ ಗೆದ್ದುದು ಅದರಲ್ಲಿಯೇ. ಅದಕ್ಕೂ ಬಹಳ ಹಿಂದೆ, 1962ರಲ್ಲಿ, ಬಿಕಾನೇರಿನ ಕರ್ಣಿಸಿಂಗರು ಕೈರೋದ ವಿಶ್ವ ಪಂದ್ಯದ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದು ದಾರಿ ತೋರಿಸಿದ್ದರು. 2006ರಲ್ಲಿ ಮಾನವಜಿತ್ ಸಿಂಗ್ ಸಂಧು ಅದೇ ಟ್ರ್ಯಾಪಿನಲ್ಲಿ ವಿಶ್ವವಿಜೇತರಾದರು.

ಹೆಣ್ಣುಮಕ್ಕಳು ನೆನಪಿನಲ್ಲಿಡಬೇಕಾದ ಇನ್ನೊಂದು ಸಂಗತಿ ಇದೆ. 1992ರ ಬಾರ್ಸಿಲೋನಾದಲ್ಲಿ ಸ್ಕೀಟ್ ಪಂದ್ಯ ಗಂಡಸರಿಗೂ ಹೆಂಗಸರಿಗೂ ಒಂದೇ ಆಗಿತ್ತು. ಚಿನ್ನವನ್ನು ಗೆದ್ದವಳು ಚೀನದ ಝಾಂಗ್ ಶಾನ್. ಮುಂದಿನ ಒಲಿಂಪಿಕ್ಸಿನಲ್ಲಿ ಆ ಪಂದ್ಯ ಹೆಂಗಸರಿಗೆ ಮುಚ್ಚಿಹೋಯಿತು. 2000ರಲ್ಲಿ ಅವರಿಗಾಗಿ ಪ್ರತ್ಯೇಕ ಪಂದ್ಯ ಬಂದಿತು.

ತೆಂಗಿನಕಾಯಿಗೂ ಬಿಲ್ಲೆಗೂ ಇರುವ ಅಂತರ

ನಿಂತ ತೆಂಗಿನಕಾಯಿಗೆ ಗುರಿಯಿಡುವವನು ಕೋವಿಯನ್ನು ಅಲುಗದಂತೆ ಹಿಡಿಯುತ್ತಾನೆ. ಹಾರುವ ಬಿಲ್ಲೆಗೆ ಅಲುಗದೆ ಹಿಡಿದವನು ಕೆಟ್ಟ. ಒಂದು ಸಣ್ಣ ಲೆಕ್ಕ ಮಾಡೋಣ. ಬಿಲ್ಲೆ ಇಪ್ಪತ್ತು ಮೀಟರು ದೂರದಲ್ಲಿ ಅಡ್ಡಲಾಗಿ ಸೆಕೆಂಡಿಗೆ 25 ಮೀಟರು ಓಡುತ್ತಿದೆ ಎನ್ನೋಣ. ಚರೆಯ ಸರಾಸರಿ ವೇಗ ಸೆಕೆಂಡಿಗೆ 350 ಮೀಟರು ಎಂದಿಟ್ಟುಕೊಳ್ಳೋಣ. ಚರೆ ಅಲ್ಲಿಗೆ ಮುಟ್ಟಲು 0.057 ಸೆಕೆಂಡು ಬೇಕು. ಅಷ್ಟರಲ್ಲಿ ಬಿಲ್ಲೆ ಸುಮಾರು 1.4 ಮೀಟರು ಮುಂದೆ ಹೋಗಿರುತ್ತದೆ! ಆದುದರಿಂದ ಗುರಿಗಾರನು ಬಿಲ್ಲೆಗಲ್ಲ, ಬಿಲ್ಲೆ ಬರಲಿರುವ ಜಾಗಕ್ಕೆ ಹೊಡೆಯಬೇಕು. ಹೊಡೆದ ಮೇಲೂ ಕೋವಿಯ ಬೀಸು ನಿಲ್ಲಕೂಡದು. ನಾನು ರೈಫಲಿನ ಅಭ್ಯಾಸದಿಂದ ಪ್ರತಿ ಸಲವೂ ಕೋವಿಯನ್ನು ನಿಲ್ಲಿಸಿ, ಮಣಿಯನ್ನು ನೋಡಿ, ಟ್ರಿಗರ್ ಎಳೆಯುತ್ತಿದ್ದೆ. ಇಪ್ಪತ್ತೆರಡು ತಪ್ಪುಗಳಲ್ಲಿ ಬಹುಪಾಲು ಈ ಲೆಕ್ಕಕ್ಕೆ ಸೇರಿದುವು. ಇದು ಯಾವ ಹೊಸ ಕೋವಿಯಿಂದಲೂ ವಾಸಿಯಾಗುವ ರೋಗವಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯಲ್ಲಿ ನನಗೂ ಪಾಲಿದೆಯೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಉಳಿದ ತಪ್ಪುಗಳಲ್ಲಿ ನೆಲವೂ ಸ್ವಲ್ಪ ಡೊಂಕಾಗಿತ್ತು. ಅದನ್ನು ಮುಂದೆ ನೋಡೋಣ.

ಕೋವಿಯ ಲಕ್ಷಣಗಳು

1. ಬೋರು ಮತ್ತು ನಳಿಗೆಗಳ ಜೋಡಣೆ. ಈ ಪಂದ್ಯಗಳಲ್ಲಿ ನಡೆಯುವುದು 12 ಬೋರಿನ ಕೋವಿ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಉಂಡೆ ಮಾಡಿದರೆ ಒಂದೊಂದು ಉಂಡೆಯ ಅಡ್ಡಳತೆ ಎಷ್ಟೋ ಅಷ್ಟು ನಳಿಗೆಯ ಬಾಯಿ; ಅಂದರೆ ಸುಮಾರು 18.5 ಮಿ.ಮೀ. ಅಜ್ಜನ ಕೋವಿಯೂ 12 ಬೋರೇ. ಆದರೆ ಅದರ ನಳಿಗೆಗಳು ಅಕ್ಕಪಕ್ಕದಲ್ಲಿವೆ. ಪಂದ್ಯದ ಕೋವಿಯ ನಳಿಗೆಗಳು ಒಂದರ ಮೇಲೊಂದು ಇರುತ್ತವೆ. ಇದರಿಂದ ಕಣ್ಣಿಗೆ ಒಂದೇ ಕಿರಿದಾದ ದಾರಿ ಕಾಣುತ್ತದೆ. ಮೊದಲ ಈಡನ್ನು ಕೆಳಗಿನ ನಳಿಗೆಯಿಂದ ಹೊಡೆದರೆ ಒದೆತ ಹೆಗಲಿಗೆ ನೇರವಾಗಿ ಬರುವುದರಿಂದ ಕೋವಿಯ ಮೂತಿ ಮೇಲೆ ಹಾರುವುದು ಕಡಿಮೆ. ಎರಡನೆಯ ಈಡಿಗೆ ಬೇಗನೆ ಸಿದ್ಧವಾಗಬಹುದು. ಈ ಬಗೆಯನ್ನು ಪ್ರಸಿದ್ಧಿಗೆ ತಂದ ಅಮೆರಿಕದ ಜಾನ್ ಬ್ರೌನಿಂಗ್ ಅದು ಮಾರುಕಟ್ಟೆಗೆ ಬರುವುದನ್ನು ಕಾಣಲಿಲ್ಲ. ಆತ 1926ರಲ್ಲಿ ತೀರಿಕೊಂಡನು, ಕೋವಿ 1931ರಲ್ಲಿ ಬಂದಿತು. ತಾನಾಗಿ ತೋಟೆ ತುಂಬಿಕೊಳ್ಳುವ ಕೋವಿಗೂ ಪಂದ್ಯದಲ್ಲಿ ಅವಕಾಶವುಂಟು. ಕೈಯಿಂದ ಜಗ್ಗಿ ತುಂಬುವ ಪಂಪ್ ಕೋವಿಗೆ ಇಲ್ಲ. ನಡುವೆ ಮುರಿದು ತೆರೆಯುವ ಕೋವಿಗೆ ಇನ್ನೊಂದು ದೊಡ್ಡ ಗುಣವಿದೆ: ಅದು ಬಾಯಿ ತೆರೆದಿದ್ದರೆ ಖಾಲಿಯೆಂಬುದು ದೂರದಲ್ಲಿ ನಿಂತವರಿಗೂ ಕಾಣುತ್ತದೆ.

2. ನಳಿಗೆಯ ಉದ್ದ. ಟ್ರ್ಯಾಪಿಗೆ 30ರಿಂದ 32 ಅಂಗುಲ, ಸ್ಕೀಟಿಗೆ 28ರಿಂದ 30 ಅಂಗುಲ ರೂಢಿ. ಉದ್ದ ನಳಿಗೆಯಿಂದ ಚರೆ ಹೆಚ್ಚು ದೂರ ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ, ಅದು ಸರಿಯಲ್ಲ. ಉದ್ದದ ಲಾಭವಿರುವುದು ಬೀಸಿನಲ್ಲಿ. ಮುಂಭಾರದ ಕೋವಿ ಒಮ್ಮೆ ಬೀಸಿದರೆ ನಡುವೆ ನಿಲ್ಲದೆ ಹರಿಯುತ್ತದೆ; ಗಿಡ್ಡ ಕೋವಿ ಬೇಗ ತಿರುಗುತ್ತದೆ.

3. ಚೋಕು. ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದು ಮಾಡುವುದಕ್ಕೆ ಚೋಕು ಎನ್ನುತ್ತಾರೆ. ತೋಟದ ಕೊಳವೆಯ ಬಾಯಿಯನ್ನು ಬೆರಳಿನಿಂದ ಒತ್ತಿದಾಗ ನೀರು ಚದುರದೆ ಹಾರುವುದಷ್ಟೆ, ಅಂಥದೇ ಉಪಾಯ. ಪೂರ್ತಿ ಚೋಕಿನ ನಳಿಗೆ 40 ಗಜ ದೂರದಲ್ಲಿ 30 ಅಂಗುಲದ ವೃತ್ತದೊಳಗೆ ನೂರರಲ್ಲಿ ಎಪ್ಪತ್ತು ಚರೆಗಳನ್ನು ಹಾಕುತ್ತದೆ. ಚೋಕಿಲ್ಲದ ನಳಿಗೆ ಸುಮಾರು ನಲವತ್ತನ್ನು. ಪಂದ್ಯದ ತೋಟೆಯಲ್ಲಿ ಚರೆ 24 ಗ್ರಾಮಿಗೆ ಮೀರಕೂಡದು. ಸಾಮಾನ್ಯ ಗಾತ್ರದ ಚರೆಯಾದರೆ ಅದರಲ್ಲಿ ಹತ್ತಿರ ಹತ್ತಿರ 300 ಕಾಳುಗಳಿರುತ್ತವೆ. ದೂರ ಓಡುವ ಟ್ರ್ಯಾಪ್ ಬಿಲ್ಲೆಗೆ ಬಿಗಿಯಾದ ಚೋಕು ಬೇಕು, ಹತ್ತಿರದ ಸ್ಕೀಟಿಗೆ ಅಗಲವಾಗಿ ಹರಡುವ ನಳಿಗೆ ಬೇಕು. ಎರಡೂ ಆಟಗಳಿಗೆ ಒಂದೇ ಕೋವಿ ಬೇಕೆನ್ನುವವರು ತಿರುಪಿನಿಂದ ಬದಲಾಯಿಸಬಲ್ಲ ಚೋಕುಗಳಿರುವ ಕೋವಿಯನ್ನು ನೋಡಬಹುದು. ಆದರೂ ಯಾವ ಆಟವೆಂದು ಮೊದಲು ನಿರ್ಧರಿಸುವುದೇ ಜಾಣತನ.

4. ತೂಕ. ಹಗುರ ಕೋವಿ ಹೆಣ್ಣುಮಕ್ಕಳಿಗೆ ಒಳ್ಳೆಯದೆಂದು ಅಂಗಡಿಯವರೂ ಬಂಧುಗಳೂ ಹೇಳುವುದುಂಟು. ಪಿ.ಯು.ಸಿ.ಯ ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. 24 ಗ್ರಾಂ ಚರೆ ಸೆಕೆಂಡಿಗೆ 400 ಮೀಟರು ವೇಗದಲ್ಲಿ ಹೊರಟರೆ, ಮದ್ದಿನ ಹೊಗೆಯ ಲೆಕ್ಕವನ್ನು ಬಿಟ್ಟರೂ, 3.6 ಕಿಲೋ ತೂಕದ ಕೋವಿ ಸೆಕೆಂಡಿಗೆ 2.7 ಮೀಟರು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. 2.7 ಕಿಲೋ ತೂಕದ್ದು 3.6 ಮೀಟರು ವೇಗದಲ್ಲಿ ಒದೆಯುತ್ತದೆ. ಒದೆತದ ಶಕ್ತಿ ಹಗುರ ಕೋವಿಯಲ್ಲಿ ಮೂರನೆಯ ಒಂದು ಪಾಲು ಹೆಚ್ಚು. ಒಂದು ದೊಡ್ಡ ಪಂದ್ಯದಲ್ಲಿ 125 ಬಿಲ್ಲೆಗಳು. ಟ್ರ್ಯಾಪಿನ ಮೊದಲ ಸುತ್ತುಗಳಲ್ಲಿ ಒಂದೊಂದು ಬಿಲ್ಲೆಗೆ ಎರಡು ಈಡುಗಳ ಅವಕಾಶ. ಅಷ್ಟೂ ಒದೆತಗಳನ್ನು ಹೆಗಲು ಸಹಿಸಬೇಕು. ತೋಟದಲ್ಲಿ ದಿನವಿಡೀ ಹೊತ್ತು ತಿರುಗುವುದಕ್ಕೆ ಹಗುರ ಕೋವಿ ಸರಿ. ನಿಂತು ನೂರಾರು ಈಡು ಹೊಡೆಯುವುದಕ್ಕೆ ತೂಕದ ಕೋವಿಯೇ ಸರಿ. ಎತ್ತಿ ಬೀಸಲು ಶಕ್ತಿಯಿರುವಷ್ಟು ತೂಕ ಎಂಬುದೇ ಸೂತ್ರ.

5. ಬಟ್ಟಿನ ಅಳತೆ. ಎಲ್ಲಕ್ಕಿಂತ ಮುಖ್ಯವಾದುದು ಇದು. ಎಲ್ಲರೂ ಕಡೆಗಣಿಸುವುದೂ ಇದನ್ನೇ. ರೈಫಲಿಗೆ ಹಿಂದೊಂದು ಮುಂದೊಂದು ಗುರಿಮಣಿಯುಂಟು. ಈ ಕೋವಿಗೆ ಹಿಂದಿನ ಮಣಿಯಿಲ್ಲ; ಗುರಿಗಾರನ ಕಣ್ಣೇ ಆ ಮಣಿ. ಆ ಕಣ್ಣನ್ನು ಸರಿಯಾದ ಎತ್ತರದಲ್ಲಿ ಕೂರಿಸುವುದು ಕೆನ್ನೆ, ಕೆನ್ನೆಯನ್ನು ಹೊರುವುದು ಬಟ್ಟಿನ ಮೇಲಂಚು. ಮೇಲಂಚು ತಗ್ಗಿದರೆ ಕಣ್ಣು ನಳಿಗೆಯ ಹಿಂದೆ ಮುಳುಗುತ್ತದೆ, ಈಡು ಕೆಳಗೆ ಬೀಳುತ್ತದೆ. ಎತ್ತರವಾದರೆ ಮೇಲೆ ಹೋಗುತ್ತದೆ. ಬಿಲ್ಲೆ ಮೇಲೇರುವ ಟ್ರ್ಯಾಪಿಗೆ ಸ್ವಲ್ಪ ಮೇಲೆ ಹೊಡೆಯುವ ಕೋವಿಯನ್ನು ಬೇಕೆಂದೇ ಮಾಡುತ್ತಾರೆ. ಟ್ರಿಗರಿನಿಂದ ಬಟ್ಟಿನ ಹಿಂಬದಿಯವರೆಗಿನ ಉದ್ದ ಕಾರ್ಖಾನೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕೂವರೆ ಅಂಗುಲದ ಆಸುಪಾಸು. ಅದು ನಡುನಿಲುವಿನ ಗಂಡಸಿನ ಅಳತೆ. ನನ್ನ ತೋಳಿಗೆ ಅದು ಒಂದಂಗುಲಕ್ಕೂ ಹೆಚ್ಚು ಉದ್ದವಾಗಿತ್ತು. ಅದಕ್ಕೇ ಬಟ್ ಹೆಗಲ ಗುಳಿಗೆ ಕೂರದೆ ತೋಳಿನ ಮೇಲೆ ಕುಳಿತಿತು. ಕೆನ್ನೆ ಮರಕ್ಕೆ ಒರಗದೆ ಮರವೇ ಬಂದು ಕೆನ್ನೆಗೆ ಹೊಡೆಯಿತು. ನೀಲಿಗೂ ಬಾವಿಗೂ ಕಾರಣ ಕೋವಿಯ ಶಕ್ತಿಯಲ್ಲ, ಕೋವಿಯ ಅಳತೆ. ಇದನ್ನು ಮಾವ ತೋರಿಸಿಕೊಟ್ಟಾಗ, ಅಣ್ಣನ ಚಪ್ಪಲಿ ಮೆಟ್ಟಿ ಓಟದ ಪಂದ್ಯಕ್ಕೆ ನಿಂತವಳಂತೆ ನನಗಾಯಿತು.

ಪರೀಕ್ಷೆ ಸುಲಭ. ಖಾಲಿ ಕೋವಿಯನ್ನು ಬಾಯಿ ತೆರೆದು, ಎರಡು ಸಲ ನೋಡಿ, ಆಮೇಲೆ ಮುಚ್ಚಬೇಕು. ಜನರಿಲ್ಲದ ಸುರಕ್ಷಿತ ದಿಕ್ಕಿನಲ್ಲಿ ಒಂದು ಬಿಂದುವನ್ನು ನೋಡಿ, ಕಣ್ಣು ಮುಚ್ಚಿ, ಕೋವಿಯನ್ನು ಹೆಗಲಿಗೇರಿಸಬೇಕು. ಕಣ್ಣು ತೆರೆದಾಗ ನೋಟ ನಳಿಗೆಯ ಮೇಲಿನ ಪಟ್ಟಿಯ ಗುಂಟ ನೇರವಾಗಿ ಹೋಗಿ ಆ ಬಿಂದುವನ್ನು ಮುಟ್ಟುತ್ತಿದ್ದರೆ ಕೋವಿ ನಿಮ್ಮದು. ಕತ್ತನ್ನು ಬಗ್ಗಿಸಿ ಸರಿಮಾಡಬೇಕಾಗಿ ಬಂದರೆ ಬೆಲೆ ಎಷ್ಟೇ ಇಳಿದಿರಲಿ, ಅದು ಬೇರೊಬ್ಬರದು.

6. ಕಣ್ಣಿನ ಒಡೆತನ. ನಮ್ಮೆರಡು ಕಣ್ಣುಗಳಲ್ಲಿ ಒಂದು ಯಜಮಾನ. ಎರಡು ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ನೋಡಿರಿ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿರಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಮಾಯವಾಗುವುದೋ ಅದೇ ಯಜಮಾನ. ಬಲಹೆಗಲಿಗೆ ಕೋವಿಯೇರಿಸುವವರ ಎಡಗಣ್ಣು ಯಜಮಾನನಾಗಿದ್ದರೆ ಈಡು ಎಡಕ್ಕೆ ಸರಿಯುತ್ತದೆ. ಅಂಥವರು ಎಡಹೆಗಲಿನಿಂದ ಹೊಡೆಯಲು ಕಲಿಯಬೇಕು, ಇಲ್ಲವೇ ಎಡಗಣ್ಣಿನ ಮುಂದೆ ಕನ್ನಡಕದ ಮೇಲೆ ಸಣ್ಣ ಮರೆಯಿಡಬೇಕು. ಬಟ್ ಕೂಡ ಬಲಗೈಯವರಿಗೆ ಬಲಕ್ಕೆ, ಎಡಗೈಯವರಿಗೆ ಎಡಕ್ಕೆ ತುಸು ಬಾಗಿರುತ್ತದೆ. ಇದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳತಕ್ಕದ್ದು.

ಹೊಸತೋ ಹಳತೋ?

ಇಟಲಿಯ ಬೆರೆಟ್ಟಾ ಮನೆತನ 1526ರಿಂದ ನಳಿಗೆ ಮಾಡುತ್ತಿದೆ; 1957ರಲ್ಲಿ ಹುಟ್ಟಿದ ಪೆರಾಜಿಯ ಕೋವಿ 1964ರ ಟೋಕಿಯೋದಲ್ಲಿಯೇ ಟ್ರ್ಯಾಪಿನ ಚಿನ್ನ ಗೆದ್ದಿತು; ಜರ್ಮನಿಯ ಕ್ರೀಗಾಫ್ ಕೂಡ ಹೆಸರಾದುದು. ಇವೆಲ್ಲ ಲಕ್ಷಗಟ್ಟಲೆ ಈಡುಗಳನ್ನು ತಾಳುವಂತೆ ಕಟ್ಟಿದ ಕೋವಿಗಳು. ವಿದೇಶದ ಕೋವಿಯನ್ನು ನೇರವಾಗಿ ತರಿಸಿಕೊಳ್ಳುವ ಅವಕಾಶ ನಮ್ಮಲ್ಲಿ ಎಲ್ಲ ಪರವಾನಿಗೆದಾರರಿಗೂ ಇಲ್ಲ. ಪಂದ್ಯಗಳಲ್ಲಿ ಅರ್ಹತೆ ಗಳಿಸಿದ ಗುರಿಗಾರರಿಗೆ ನಿಯಮಾನುಸಾರ ದೊರೆಯುತ್ತದೆ. ಆದುದರಿಂದ ಹೊಸಬರಿಗೆ ಹಳೆಯ ಗುರಿಗಾರರು ಮಾರುವ ಕೋವಿಯೇ ಹೆಚ್ಚು ಸಾಧ್ಯವಾದ ದಾರಿ. ಹಳತನ್ನು ನೋಡುವಾಗ ಮುಚ್ಚಿದ ಕೋವಿಯ ಸಂದಿನಲ್ಲಿ ಅಲುಗಾಟವಿದೆಯೇ, ನಳಿಗೆಯೊಳಗೆ ತಗ್ಗು ತುಕ್ಕುಗಳಿವೆಯೇ, ಎರಡೂ ಈಡುಗಳು ಕಾಗದದ ಮೇಲೆ ಒಂದೇ ಜಾಗಕ್ಕೆ ಬೀಳುತ್ತವೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಒಂದು ಅಂಗಡಿಯಲ್ಲಿ ಬೆಳ್ಳಿಯ ಕೆತ್ತನೆಯ ಕೋವಿಯೊಂದಕ್ಕೆ ನಾನೂ ಅಪ್ಪನೂ ಮನಸೋತಿದ್ದೆವು. ಮುಂಗಡ ಕೊಡುವುದರಲ್ಲಿದ್ದಾಗ ಕಣ್ಣು ಮುಚ್ಚಿ ಹೆಗಲಿಗೇರಿಸಿ ನೋಡಿದೆ. ಕಣ್ಣು ತೆರೆದರೆ ನಳಿಗೆಯ ಬದಲು ಕೋವಿಯ ಹಿಂಬದಿಯ ಉಕ್ಕು ಮಾತ್ರ ಕಾಣುತ್ತಿತ್ತು. ಬರಿಗೈಯಲ್ಲಿ ಹಿಂದಿರುಗಿದೆವು.

ಹಣದ ಲೆಕ್ಕವನ್ನೂ ಪೂರ್ತಿಯಾಗಿ ಮಾಡಬೇಕು. ಕೋವಿ ಒಂದು ಸಲದ ಖರ್ಚು. ತೋಟೆ, ಬಿಲ್ಲೆ, ಪ್ರಯಾಣ ಇವು ವರ್ಷವರ್ಷದ ಖರ್ಚು. ಕೋವಿಗೇ ಎಲ್ಲವನ್ನೂ ಸುರಿದು ತೋಟೆಗೆ ಗತಿಯಿಲ್ಲದವನು ಪಂದ್ಯದ ದಿನ ಕೆತ್ತನೆಯನ್ನು ಒರೆಸುತ್ತಾ ಕುಳಿತಿರಬೇಕಾಗುತ್ತದೆ.

ಕಾನೂನೂ ಕರ್ತವ್ಯವೂ

1959ರ ಆಯುಧ ಕಾಯಿದೆಯ ಪ್ರಕಾರ 21 ವರ್ಷ ತುಂಬದವರಿಗೆ ಸ್ವಂತ ಹೆಸರಿನಲ್ಲಿ ಪರವಾನಿಗೆ ಇಲ್ಲ. ನಿಯಮದಂತೆ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಬಹುದು. 2019ರ ತಿದ್ದುಪಡಿಯಿಂದ ಸಾಮಾನ್ಯ ಪರವಾನಿಗೆದಾರನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಬೆಳೆರಕ್ಷಣೆಯ ಕೋವಿಯೂ ಪಂದ್ಯದ ಕೋವಿಯೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ಉದ್ದೇಶದವು. ಒಂದರ ಕಾಗದದಿಂದ ಇನ್ನೊಂದರ ಕೆಲಸ ಮಾಡಹೊರಡಬಾರದು. ಬಿಲ್ಲೆಯ ಅಭ್ಯಾಸ ಅಂಗೀಕೃತ ಮೈದಾನದಲ್ಲಿ ಮಾತ್ರ ನಡೆಯತಕ್ಕದ್ದು. ಗದ್ದೆಯ ಮೇಲೆ, ಹೊಳೆಯ ಮೇಲೆ ಹಾರಿಸಿದ ಚರೆ ಎಲ್ಲಿ ಬೀಳುವುದೆಂದು ಹೇಳಬರುವುದಿಲ್ಲ. ಮೇಲಾಗಿ ಸೀಸ ವಿಷ. ನೀರಿಗೆ ಬಿದ್ದರೆ ಹಕ್ಕಿಗಳ ಹೊಟ್ಟೆ ಸೇರುತ್ತದೆ. ಜೀವದ ಹಕ್ಕಿಯನ್ನು ಉಳಿಸಲು ಹುಟ್ಟಿದ ಮಣ್ಣಿನ ಹಕ್ಕಿಯ ಆಟ ಮತ್ತೆ ಹಕ್ಕಿಗಳನ್ನೇ ಕೊಲ್ಲುವಂತಾಗಬಾರದು.

ಉಪಸಂಹಾರ

ಕೊನೆಗೆ ನಾವು ಏನು ಮಾಡಿದೆವೆಂದು ಗೆಳತಿಯರು ಕೇಳಬಹುದು. ಈ ವರ್ಷ ಕೋವಿ ಕೊಳ್ಳಲಿಲ್ಲ. ನನಗೆ ಈಗ ಇಪ್ಪತ್ತು. ಪರವಾನಿಗೆಗೆ ಅರ್ಜಿ ಹಾಕಲು ಇನ್ನೂ ಒಂದು ವರ್ಷವಿದೆ. ಅಷ್ಟರ ತನಕ ಶಿಬಿರದ ಗಿಡ್ಡ ಬಟ್ಟಿನ ಕೋವಿಯೊಂದರಿಂದ ಬೀಸನ್ನು ಕಲಿಯುವುದೆಂದೂ, ಅಡಿಕೆಯ ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿಡುವುದೆಂದೂ, ಆಮೇಲೆ ಹಳೆಯದೊಂದು ಒಳ್ಳೆಯ ಕೋವಿಯನ್ನು ಕೊಂಡು ಅದರ ಬಟ್ಟನ್ನು ನನ್ನ ಅಳತೆಗೆ ಕೊಯ್ಯಿಸುವುದೆಂದೂ ನಿರ್ಧಾರವಾಯಿತು. ಎರಡನೆಯ ಸಲ ಹೋದಾಗ ಆ ಗಿಡ್ಡ ಕೋವಿಯಿಂದ ಇಪ್ಪತ್ತೈದರಲ್ಲಿ ಹನ್ನೊಂದು ಒಡೆದೆ. ಹೆಗಲು ನೀಲಿಗಟ್ಟಲಿಲ್ಲ.

ಸಂಗತಿ ಕೇಳಿದ ಅಜ್ಜ ಗೋಡೆಯ ಮೇಲಿನ ತಮ್ಮ ಕೋವಿಯನ್ನು ನೋಡಿ, “ಹಾಗಾದರೆ ಇದು ನಿನಗೆ ಬೇಡ?” ಎಂದರು. “ಅದು ನಿಮ್ಮ ಅಳತೆಯದ್ದು, ಅಜ್ಜ” ಎಂದೆ. ಅವರು ನಕ್ಕರು. ಹಿರಿಯರಿಂದ ನಾವು ಪಡೆಯಬೇಕಾದುದು ಅವರ ಕೋವಿಯನ್ನಲ್ಲ, ಅದನ್ನು ಹಿಡಿಯುವಾಗಿನ ಅವರ ಎಚ್ಚರವನ್ನು ಎಂದು ನನಗೆ ಆಗ ತೋರಿತು.